ಸ್ಟೆಪ್ ಅಂದರೆ ಮೆಟ್ಟಿಲಲ್ಲ

ನನ್ನ ಕಸುಬು ಏನೆಂದು ಯಾರಾದರೂ ಕೇಳಿದರೆ "ಇಂಗ್ಲಿಷ್ ಮೇಷ್ಟ್ರು" ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಪೂರ್ತಿ ಹೇಳಲು ಸಂಕೋಚ. ದೆಹಲಿಯ ಒಂದು ಕಾಲೇಜಿನಲ್ಲಿ ನಾನು ಕಲಿಸುವುದು ಸಾವಿರ ವರ್ಷದ ಹಿಂದಿನ ಇಂಗ್ಲಿಷನ್ನು. ಅದು ಈಗಿನ ಇಂಗ್ಲಿಷರಿಗೇ ಅರ್ಥವಾಗುವುದಿಲ್ಲ. ಹಾಗಿರುವಾಗ ಜನವರಿಯ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತ ಹನ್ನೊಂದು ಜನ ಹುಡುಗ ಹುಡುಗಿಯರಿಗೆ ಅದು ಯಾಕೆ ಬೇಕು ಎಂದು ಅವರೂ ಕೇಳಿಲ್ಲ, ನಾನೂ ಹೇಳಿಲ್ಲ. ಪರಸ್ಪರ ದಾಕ್ಷಿಣ್ಯದಲ್ಲಿ ಪಾಠ ನಡೆಯುತ್ತದೆ.

ನಂಟಿನ ಪದಗಳ ಪಾಠ ಬಂದಾಗ ಮಾತ್ರ ತರಗತಿ ಎದ್ದು ಕೂರುತ್ತದೆ. ಆ ಹಳೆಯ ಜನಕ್ಕೂ ನಮ್ಮ ಹಾಗೆಯೇ ತಾಯಿಯ ಅಣ್ಣತಮ್ಮಂದಿರಿಗೆ ಒಂದು ಪದ, ತಂದೆಯ ಅಣ್ಣತಮ್ಮಂದಿರಿಗೆ ಇನ್ನೊಂದು ಪದ ಇತ್ತು. ಫ್ರೆಂಚರು ಬಂದು ಗೆದ್ದರು. ಮಾವನೂ ಚಿಕ್ಕಪ್ಪನೂ ಒಂದೇ ಏಟಿಗೆ 'ಅಂಕಲ್' ಆಗಿಹೋದರು. ಈಗ ನಮ್ಮ ಗಲ್ಲಿಯ ತರಕಾರಿ ಭಯ್ಯಾ ಕೂಡ ನನ್ನನ್ನು ಅಂಕಲ್ ಎನ್ನುತ್ತಾನೆ. ಅವನಿಗೆ ನನಗಿಂತ ಹತ್ತು ವರ್ಷ ಹೆಚ್ಚಾಗಿರಬೇಕು.

ಪೀಳಿಗೆಯ ವಿಷಯ ಇನ್ನೂ ಚೆನ್ನ. ಅವರ ಭಾಷೆಯಲ್ಲಿ ಮೊಣಕಾಲಿಗೆ ಯಾವ ಪದವೋ ಪೀಳಿಗೆಗೂ ಅದೇ ಪದ. ಯಾಕೆಂದು ಪಂಡಿತರಲ್ಲಿ ಜಗಳವಿದೆ. ಹುಟ್ಟಿದ ಮಗುವನ್ನು ಅಪ್ಪನಾದವನು ಮೊಣಕಾಲ ಮೇಲೆ ಕೂರಿಸಿಕೊಂಡು 'ಇದು ನನ್ನದು' ಎಂದು ಒಪ್ಪುತ್ತಿದ್ದ ಎನ್ನುವವರು ಕೆಲವರು. ನಾವು ಕನ್ನಡದವರು ತಲೆಯಿಂದ ಎಣಿಸುತ್ತೇವೆ, ತಲೆಮಾರು ಎನ್ನುತ್ತೇವೆ. ನಾನು ಮದುವೆಯಾಗದವನು. ಹಾಗಾಗಿ ನಮ್ಮ ವಂಶ ತಲೆಯಿಂದ ಎಣಿಸಿದರೂ ಮೊಣಕಾಲಿನಿಂದ ಎಣಿಸಿದರೂ ನನ್ನಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಪದವನ್ನು ನಾನು ವರ್ಷಾವರ್ಷ ತಮಾಷೆಯಾಗಿ ಹೇಳಿಕೊಂಡು ಬಂದಿದ್ದೆ. 'ಸ್ಟೆಪ್‌ಮದರ್' ಎನ್ನುವಲ್ಲಿ ಇರುವ ಸ್ಟೆಪ್ ಮೆಟ್ಟಿಲಲ್ಲ. ಅದು ಬೇರೆಯೇ ಮಾತು. ಅದರ ಬೇರು 'ಕಳೆದುಕೊಂಡ' ಎನ್ನುವ ಅರ್ಥದ್ದು. ಆಗ ಸ್ಟೆಪ್‌ಚೈಲ್ಡ್ ಎಂದರೆ ತಬ್ಬಲಿ. ತಬ್ಬಲಿಗೆ ತಾಯಾಗಿ ಬಂದವಳು ಸ್ಟೆಪ್‌ಮದರ್. "ನೋಡಿ, ಪಾಪದ ಪದ. ಕಥೆ ಹೇಳುವವರು ಅದನ್ನು ರಾಕ್ಷಸಿ ಮಾಡಿಬಿಟ್ಟರು" ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ನನಗೂ ಒಬ್ಬರು ಮಲತಾಯಿ ಇದ್ದಾರೆ, ಈ ಹೊತ್ತಿಗೆ ಘಾಜಿಯಾಬಾದಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನನಗಾಗಿ ಚಪಾತಿ ಲಟ್ಟಿಸುತ್ತಿದ್ದಾರೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ನನ್ನ ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತರು, ಆರ್.ಕೆ.ಪುರಂನ ಕ್ವಾರ್ಟರ್ಸ್. ಮರುವರ್ಷ ರಜೆ ಹಾಕಿ ಊರಿಗೆ ಹೋದವರು ಚಿಕ್ಕಮ್ಮನನ್ನು ಕರೆದುಕೊಂಡು ಬಂದರು. ಅವರನ್ನು ಚಿಕ್ಕಮ್ಮ ಎಂದು ಕರೆಯಬೇಕೆಂದು ಹೇಳಿಕೊಟ್ಟವರೂ ಅಪ್ಪನೇ. ಅಮ್ಮನಿಗೆ 'ನೀನು' ಎನ್ನುತ್ತಿದ್ದೆ, ಚಿಕ್ಕಮ್ಮನಿಗೆ 'ನೀವು' ಎಂದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಆ ಒಂದು ಅಕ್ಷರದ ಅಂತರವನ್ನು ನಾನು ಮೂವತ್ತು ವರ್ಷಕ್ಕೂ ಮೇಲೆ ಬಹಳ ಜತನದಿಂದ ಕಾಪಾಡಿಕೊಂಡು ಬಂದೆ. ಚಿಕ್ಕಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅಪ್ಪ ಹೋದ ಮೇಲೆ ಉಳಿದವರು ನಾವಿಬ್ಬರು: ಒಂದೇ ಮನೆಯಲ್ಲಿ, ಮರ್ಯಾದೆಯಿಂದ.

ಜನಕಪುರಿಗೆ ಮೆಟ್ರೋ ಹೊಸದಾಗಿ ಬಂದ ವರ್ಷ ಅದು. ಘಾಜಿಯಾಬಾದಿಗೆ ಇನ್ನೂ ಬಂದಿರಲಿಲ್ಲ. ಚಿಕ್ಕಮ್ಮನಿಗೆ ಕಿಬ್ಬೊಟ್ಟೆ ನೋವು ಶುರುವಾಗಿ ತಿಂಗಳುಗಳೇ ಆಗಿದ್ದವಂತೆ, ನನಗೆ ಹೇಳಿರಲಿಲ್ಲ. ಹೇಳಿದ ದಿನ ಆಟೋ ಹಿಡಿದು ದೆಹಲಿಯ ಆಸ್ಪತ್ರೆಯೊಂದಕ್ಕೆ ಹೋದೆವು. ಮೂರು ಗಂಟೆ ಸಾಲಿನಲ್ಲಿ ಕೂತ ಮೇಲೆ ಒಳಗೆ ಕರೆದರು. ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ನನ್ನ ವಿದ್ಯಾರ್ಥಿನಿಯಾಗಿರಬಹುದಾದಷ್ಟು. ತಲೆಯೆತ್ತದೆ ಕಾರ್ಡಿನಲ್ಲಿ ಬರೆಯುತ್ತಲೇ ಮಕ್ಕಳೆಷ್ಟೆಂದು ಕೇಳಿದಳು: "ಬಚ್ಚೇ ಕಿತ್ನೇ?"

"ಏಕ್" ಎಂದೆ.

ಚಿಕ್ಕಮ್ಮನಿಗೆ ಅಷ್ಟು ಹಿಂದಿ ಬರುತ್ತಿತ್ತು. ನನ್ನ ತೋಳು ಮುಟ್ಟಿ, "ಎರಡು ಅಂತ ಹೇಳು" ಎಂದರು.

ನಾನು ತಿರುಗಿ ನೋಡಿದೆ. ಅವರು ಡಾಕ್ಟರನ್ನೇ ನೋಡುತ್ತಿದ್ದರು. "ಒಂದು ನೀನು. ಇನ್ನೊಂದು ನಾನು ಹೆತ್ತಿದ್ದು. ಹೆಣ್ಣು. ಒಂಬತ್ತು ದಿನ ಇತ್ತು. ಅದನ್ನೂ ಹೇಳು, ಅವರಿಗೆ ಬೇಕಾಗುತ್ತೆ."

ಹಳೆಯ ಭಾಷೆಗಳಿಂದ ಎಷ್ಟೋ ಸಾವುಗಳನ್ನು ಅನುವಾದಿಸಿದವನು ನಾನು. ಆ ಒಂದು ವಾಕ್ಯವನ್ನು ಕನ್ನಡದಿಂದ ಹಿಂದಿಗೆ ತರುವಾಗ ನಾಲಿಗೆ ಎರಡು ಸಲ ತಡವರಿಸಿತು. ಡಾಕ್ಟರ್ ಈಗ ತಲೆಯೆತ್ತಿದಳು. "ಔರ್ ಆಪ್?" "ಸ್ಟೆಪ್‌ಸನ್" ಎಂದೆ. "ಅಚ್ಛಾ" ಎಂದು, ಹೆರಿಗೆ ಎನ್ನುವ ಕಡೆ ಒಂದು ಎಂದು ಬರೆದುಕೊಂಡಳು. ಅವಳ ತಪ್ಪೇನಿಲ್ಲ. ಅವಳಿಗೆ ಬೇಕಾದದ್ದು ಗರ್ಭಕೋಶದ ಚರಿತ್ರೆ.

ವಾಪಸು ಬರುವಾಗ ಆಟೋ ಯಮುನೆಯ ಸೇತುವೆಯ ಮೇಲೆ ಬಹಳ ಹೊತ್ತು ನಿಂತಿತ್ತು. ನನಗೆ ಏಳು ವರ್ಷವಾಗಿದ್ದಾಗ ಒಂದು ತಿಂಗಳು ಜನಕಪುರಿಯ ಅತ್ತೆಯ ಮನೆಗೆ ಕಳಿಸಿದ್ದರು. ಚಿಕ್ಕಮ್ಮನಿಗೆ ಕಾಮಾಲೆ, ನಿನಗೂ ಅಂಟೀತು ಎಂದಿದ್ದರು. ವಾಪಸು ಬಂದಾಗ ಟ್ರಂಕಿನಲ್ಲಿ ಹಳದಿ ಉಲ್ಲನ್ನಿನ ಒಂದು ಪುಟ್ಟ ಟೋಪಿ ಸಿಕ್ಕಿತ್ತು. ನನ್ನ ತಲೆಗೆ ಹಿಡಿಸಲಿಲ್ಲ. ಸರಿ, ಅದರಲ್ಲಿ ಗೋಲಿ ತುಂಬಿಕೊಂಡೆ. ಕ್ವಾರ್ಟರ್ಸಿನ ಮಣ್ಣಿನಲ್ಲಿ ಅದನ್ನು ಎಳೆದಾಡಿಕೊಂಡು ಆಡಿದೆ. ಒಂದು ದಿನ ಚಿಕ್ಕಮ್ಮ ಅದನ್ನು ನೋಡಿದರು. ಕೈಗೆ ತೆಗೆದುಕೊಂಡರು, ಗೋಲಿಗಳನ್ನು ಸುರಿದು ಒಳಗೆ ಒಯ್ದರು. ಕಸಿದುಕೊಂಡರು ಎಂದು ನಾನು ಅಪ್ಪನ ಹತ್ತಿರ ದೂರಿದೆ. ಮಾರನೇ ದಿನ ಟೋಪಿ ಒಗೆದು ಒಣಗಿ ನನ್ನ ಪುಸ್ತಕಗಳ ಮೇಲಿತ್ತು. ಬಾಯಿಗೆ ಸುತ್ತ ದಾರ ಪೋಣಿಸಿದ್ದರು. "ಎಳೆದ್ರೆ ಮುಚ್ಕೊಳ್ಳುತ್ತೆ. ಗೋಲಿ ಬಿದ್ದುಹೋಗ್ತಿದ್ವಲ್ಲ" ಎಂದರು.

ಆಟೋದಲ್ಲಿ ಕೇಳಿದೆ: "ನನಗ್ಯಾಕೆ ಹೇಳಲಿಲ್ಲ?"

"ಆಗಲೇ ಒಂದು ಸಾವು ನೋಡಿದಾನೆ ಹುಡುಗ, ಇನ್ನೊಂದು ಯಾಕೆ ಅಂದ್ರು ನಿಮ್ಮಪ್ಪ."

"ಆಮೇಲಾದರೂ?"

"ಆಮೇಲೆ ನೀನೂ ಏನೂ ಕೇಳ್ತಿರಲಿಲ್ಲವಲ್ಲ."

ಹೆಸರೇನಿತ್ತು ಎಂದು ಕೇಳಿದೆ. ಹನ್ನೊಂದನೇ ದಿನ ಇಡುವುದೆಂದಿತ್ತಂತೆ.

ಕ್ಯಾನ್ಸರ್ ಎಂದರು. ಆ ಚಳಿಗಾಲ ಪೂರ್ತಿ ಕೀಮೋ. ಕೂದಲು ಹೋಯಿತು, ಊಟ ಹೋಯಿತು. ಕೊನೆಗೆ ಮಾತು ಮಾತ್ರ ಉಳಿಯಿತು. ಮೊದಲ ಸಲ ನಾವಿಬ್ಬರೂ ಮಾತಾಡಿದೆವು. "ಅಲ್ಲ, ನೀನು ಕಾಲೇಜಲ್ಲಿ ಹೇಳಿಕೊಡೋದು ಏನನ್ನ?" ಎಂದು ಒಂದು ಮಧ್ಯಾಹ್ನ ಕೇಳಿದರು. ಇಪ್ಪತ್ತು ವರ್ಷ ಈ ಪ್ರಶ್ನೆಯಿಂದ ತಪ್ಪಿಸಿಕೊಂಡು ಬಂದವನು ಬಾಲ್ಕನಿಯ ಬಿಸಿಲಿನಲ್ಲಿ ಸಿಕ್ಕಿಬಿದ್ದೆ. ಮೊಣಕಾಲಿನ ಕತೆ ಹೇಳಿದೆ. ತಮ್ಮ ಮೊಣಕಾಲು ನೋಡಿಕೊಂಡು, "ನಂದು ಎರಡೂ ಸವೆದುಹೋಗಿದೆ" ಎಂದರು. ಆಮೇಲೆ ಧೈರ್ಯ ಮಾಡಿ ಆ ಪದವನ್ನೂ ಹೇಳಿದೆ. ನಮ್ಮ 'ಮಲತಾಯಿ'ಯ ಮಲಕ್ಕೆ ಬೇರೆಯ, ಇನ್ನೊಬ್ಬ ಎಂದು ಅರ್ಥವಂತೆ, ಅವರ ಸ್ಟೆಪ್‌ಗೆ ಕಳೆದುಕೊಂಡ ಎಂದು ಅರ್ಥ ಎಂದೆ.

"ಯಾರು ಕಳಕೊಂಡಿದ್ದು? ತಾಯಿನೋ, ಮಗುನೋ?"

"ಮಗು. ಅದು ತಾಯಿನ ಕಳಕೊಂಡಿದ್ದು. ಪದ ಅಲ್ಲಿಂದ ಬಂದಿದ್ದು."

"ತಾಯಿಯಾದವಳು ಏನಾದ್ರೂ ಕಳಕೊಂಡಿದ್ರೆ?"

"ಅದು ಲೆಕ್ಕಕ್ಕಿಲ್ಲ ಚಿಕ್ಕಮ್ಮ."

ಚಿಕ್ಕಮ್ಮ ಶಾಲು ಎಳೆದುಕೊಂಡರು. "ಹಾಗಾದ್ರೆ ಆ ಪದ ಮಾಡಿದೋರು ಗಂಡಸರೇ ಇರಬೇಕು" ಎಂದರು. ನಾನು ಓದಿದ ಯಾವ ಟಿಪ್ಪಣಿಯಲ್ಲೂ ಈ ಮಾತಿಲ್ಲ. ತರಗತಿಯಲ್ಲಿ ಈಗ ಅದನ್ನು ಸೇರಿಸಿ ಹೇಳುತ್ತೇನೆ. ಹುಡುಗರು ನಗುವುದಿಲ್ಲ.

ಫೆಬ್ರವರಿಯ ಕೊನೆಗೆ ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ಆರು ಹಾಸಿಗೆಯ ವಾರ್ಡು. ಉಳಿದಿರುವುದು ಇನ್ನು ಕೆಲವೇ ದಿನ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನನಗೊಂದು ಹಂಬಲ ಹತ್ತಿತು. ಅಷ್ಟು ವರ್ಷ ಇಟ್ಟುಕೊಂಡ ಆ ಅಂತರವನ್ನು ಈಗಲಾದರೂ ತೆಗೆದುಹಾಕಬೇಕು, ಒಂದು ಸಲ ಸರಿಯಾಗಿ ಕರೆಯಬೇಕು. ನಾಲ್ಕು ದಿನ ಹಿಂದೆಮುಂದೆ ನೋಡಿದೆ. ಪದಗಳನ್ನೇ ಪಾಠ ಮಾಡುವವನಿಗೆ ಇಷ್ಟು ಸಣ್ಣ ಪದ ಹೇಳಲು ಬಾರದಿರುವುದು ನಾಚಿಕೆಗೇಡು. ಐದನೇ ದಿನ ಬೆಳಿಗ್ಗೆ ಅವರು ಕಣ್ಣು ಮುಚ್ಚಿ ಮಲಗಿದ್ದಾಗ ಬಾಗಿ, ಮೆಲ್ಲಗೆ, "ಅಮ್ಮಾ" ಎಂದೆ.

ಅಲುಗಾಡಲಿಲ್ಲ. ಇನ್ನೊಂದು ಸಲ ಕರೆದೆ. ಮೂರನೇ ಸಲ ಸ್ವಲ್ಪ ಜೋರಾಗಿಯೇ ಕರೆದೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಚಿಕ್ಕಮ್ಮ ಕಣ್ಣು ತೆರೆಯಲಿಲ್ಲ.

"ಚಿಕ್ಕಮ್ಮ" ಎಂದೆ.

ಥಟ್ಟನೆ ಕಣ್ಣು ಬಿಟ್ಟರು. "ಏನೋ?"

"ಏನಿಲ್ಲ. ನೀರು ಬೇಕಾ ಅಂತ."

"ಬೇಡ." ಔಷಧಿಯ ಮಂಪರಿನಲ್ಲಿ ಬಾಗಿಲ ಕಡೆ ಕತ್ತು ತಿರುಗಿಸಿದರು. "ಯಾವುದೋ ಹುಡುಗ ಆಗಿನಿಂದ ಅಮ್ಮ ಅಮ್ಮ ಅಂತ ಕರೀತಿದಾನೆ, ಪಾಪ. ಅವನ ತಾಯಿ ಬಂದ್ಳೇನೋ ನೋಡು."

ಎದ್ದು ಬಾಗಿಲವರೆಗೆ ಹೋದೆ. ಹೊರಗೆ ಉದ್ದದ ಓಣಿ, ಬೆಂಚಿನ ಮೇಲೆ ಕೂತ ಜನ. ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಬಂದೆ.

"ಬಂದ್ರು ಚಿಕ್ಕಮ್ಮ" ಎಂದೆ.

"ಸದ್ಯ" ಎಂದು ಅವರು ಕಣ್ಣು ಮುಚ್ಚಿಕೊಂಡರು.