ಪಾಪಮ್ಮನ ಕೈ, ಬೇರೆಯವರ ಮುಖ

ತೀರಿಹೋದ ಹಿರಿಯರ ಹಳೇಕಾಲದ ಫೋಟೋ ಮಾಡಿಕೊಡುವುದರಲ್ಲಿ ವಿಜಯನಗರದ ಕೊಟ್ರೇಶನ ಸ್ಟುಡಿಯೋಗೆ ಹೆಸರಿತ್ತು. ಮನೆಯವರು ತರುತ್ತಿದ್ದದ್ದು ರೇಷನ್ ಕಾರ್ಡಿನ ಮಸುಕು ಮುಖ ಮಾತ್ರ. ಹೆಂಗಸರ ಫೋಟೋ ಆದರೆ ಮೈ ಪಾಪಮ್ಮನದು. ಅವಳಿಗೆ ಜರಿ ಸೀರೆ ಉಡಿಸಿ, ಕೆತ್ತನೆಯ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಿದ್ದ. ಆಮೇಲೆ ಕಂಪ್ಯೂಟರಿನಲ್ಲಿ ಅವಳ ತಲೆ ತೆಗೆದು ಸತ್ತವರ ಮುಖ ಕೂರಿಸಿ, ಕಪ್ಪುಬಿಳುಪು ಮಾಡಿ, ಅಂಚಿಗೆ ಒಂದಿಷ್ಟು ಕಲೆ ಹಚ್ಚಿದರೆ ಅರವತ್ತು ವರ್ಷದ ಹಿಂದಿನ ಫೋಟೋ ಸಿದ್ಧ.

ಪಾಪಮ್ಮನದು ದಿನಾ ಮನೆಗೆಲಸ, ಆಗೊಮ್ಮೆ ಈಗೊಮ್ಮೆ ಸ್ಟುಡಿಯೋ. ತನ್ನ ಮೈ ಯಾರ ಮನೆ ಗೋಡೆ ಸೇರಿತು ಎಂದು ಐದು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ.

ಕಳೆದ ಶ್ರಾವಣದ ಒಂದು ಸೋಮವಾರ, ಅವಳು ಕೆಲಸ ಮಾಡುತ್ತಿದ್ದ ರಾಜಾಜಿನಗರದ ಗಿರಿರಾಜ್ ಮನೆಯಲ್ಲಿ ಪೂಜೆ. ಗಿರಿರಾಜ್ ಚಿಕ್ಕವನಿದ್ದಾಗಲೇ ತೀರಿಕೊಂಡ ತಾಯಿ ಕಮಲಾಕ್ಷಮ್ಮನ ಹೊಸ ಫೋಟೋಗೆ ಹಾರ ಹಾಕಿದ್ದರು. ನೆಂಟರು ಒಬ್ಬೊಬ್ಬರಾಗಿ ಕೈ ಮುಗಿಯುತ್ತಿದ್ದರು. ಮಂಡಿ ನೋವು ತಾಳಲಾರದೆ ಪಾಪಮ್ಮ ಊಟದ ಮೇಜಿನ ಹತ್ತಿರದ ಕುರ್ಚಿಯ ತುದಿಗೆ ಕೂತಳು.

ಗಿರಿರಾಜನ ಹೆಂಡತಿ ಕುಸುಮಾ ನೋಡಿಬಿಟ್ಟಳು. "ಏಳು ಪಾಪಮ್ಮ. ಎಷ್ಟ್ ಸಲ ಹೇಳಿದೀನಿ, ಚೇರ್ ಮೇಲೆ ಕೂರ್ಬೇಡ ಅಂತ."

ಎದ್ದು ನಿಂತಾಗ ಫೋಟೋ ಸರಿಯಾಗಿ ಕಣ್ಣಿಗೆ ಬಿತ್ತು. ಮಡಿಲ ಮೇಲಿಟ್ಟ ಕೈಯಲ್ಲಿ ಸೊಟ್ಟ ಕಿರುಬೆರಳು. ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಮುರಿದ ಅವಳದೇ ಬೆರಳು. ಪಾಪಮ್ಮ ಹೋಗಿ ತನ್ನ ಕೈಯನ್ನು ಅದರ ಪಕ್ಕಕ್ಕೆ ಹಿಡಿದಳು.

"ಕೈ ತೆಗಿ. ಪೂಜೆ ಮಾಡಿರೋ ಫೋಟೋ ಅದು," ಎಂದ ಗಿರಿರಾಜ್.

"ಇಷ್ಟೊತ್ತು ಕೈ ಮುಗಿದ್ರಲ್ಲ, ಸರಿಯಾಗಿ ನೋಡ್ಕೊಳಿ ಸಾರ್. ಗೋಡೆ ಮೇಲೆ ಕುರ್ಚೀಲಿ ಕೂತಿರೋಳು ನಾನು. ಇಲ್ಲಿ ಕೂತ್ರೆ ಮೈಲಿಗೆ ಆಗೋದಾ?"

ಪೊರಕೆಯನ್ನು ಅಲ್ಲೇ ಬಿಟ್ಟು ಅವಳು ಹೊರಟಳು.

ಅವಳು ಸ್ಟುಡಿಯೋ ತಲುಪುವಷ್ಟರಲ್ಲಿ ಕೊಟ್ರೇಶನಿಗೆ ಗಿರಿರಾಜನ ಫೋನ್ ಬಂದಾಗಿತ್ತು. "ಬೆರಳು ನೇರ ಮಾಡಿ ಇನ್ನೊಂದ್ ಪ್ರಿಂಟ್ ಕೊಡ್ತೀನಿ ಅಂದಿದೀನಿ. ನೀವ್ಯಾಕಮ್ಮ ತಲೆ ಕೆಡಿಸ್ಕೋತೀರಾ?" ಎಂದ ಕೊಟ್ರೇಶ.

ಪಾಪಮ್ಮನ ಮೈ ಉರಿಯಿತು. "ಇಷ್ಟ್ ವರ್ಷ ನೀನು ನನ್ ತಲೆ ಕತ್ತರಿಸ್ದೆ, ನಾನ್ ಸುಮ್ನಿದ್ದೆ. ಈಗ ಬೆರಳೂ ಬೇಡ್ವಾ ನಿಂಗೆ?"

ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ಕೆಲಸದ ಸೀರೆಯಲ್ಲೇ ಹೋಗಿ ಕೆತ್ತನೆಯ ಕುರ್ಚಿಯಲ್ಲಿ ಕೂತಳು. "ನನ್ ಮುಖ ಇಟ್ಟು ತೆಗಿ. ಅಲ್ಲೀವರ್ಗೂ ಏಳಲ್ಲ."

ಬೇರೆ ದಾರಿಯಿಲ್ಲದೆ ತೆಗೆದ. ಅರ್ಧ ಗಂಟೆಯ ಮೇಲೆ ಪ್ರಿಂಟ್ ಕೈಗಿತ್ತ. ಮುಖ ಅವಳದೇ. ಆದರೆ ಸುಕ್ಕು ಮಾಯವಾಗಿತ್ತು, ಬಣ್ಣ ತಿಳಿಯಾಗಿತ್ತು, ಕಿರುಬೆರಳು ನೆಟ್ಟಗಾಗಿತ್ತು.

"ಕೈ ಅಭ್ಯಾಸ ಕಣಮ್ಮ, ತಪ್ಪಾಯ್ತು," ಎಂದ ಕೊಟ್ರೇಶ.

ಅವಳು ಅದನ್ನು ನಾಲ್ಕು ಚೂರು ಮಾಡಿ ಅವನ ಮೇಜಿನ ಮೇಲೆ ಹಾಕಿದಳು. ಬೇರೆ ಪ್ರಿಂಟ್ ಕೊಡುತ್ತೇನೆಂದು ಅವನು ಮೆಟ್ಟಿಲವರೆಗೂ ಬಂದ. ಅವಳು ನಿಲ್ಲಲಿಲ್ಲ.

ಈಗ ಕೆಂಗೇರಿಯ ಒಂದು ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾಳೆ. ಕುಸುಮಾ ಎರಡು ಸಲ ಹೇಳಿಕಳಿಸಿದರೂ ಹೋಗಲಿಲ್ಲ. ಆ ದಿನದ ಮಾತು ಬಂದರೆ ಈಗಲೂ ಅವಳ ದನಿ ಏರುತ್ತದೆ.