ಎಲೆಯ ಮೇಲೆ ಬಿದ್ದ ಕಣ್ಣು

ಹೊಳೆವ್ವನ ಜೀವ ಬಾಯಿಗೆ ಬಂದದ್ದು ಒಂದೇ ಒಂದು ಮಾತಿನಿಂದ. ಸತ್ತೂರಿನ ಹತ್ತಿರ ಸುಮೇಧಾಳ ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕುವವಳು ಅವಳು. ಕಾಫಿ ಸಸಿಗಳ ಎಲೆಯ ಮೇಲೆ ಕಂದು ಚುಕ್ಕೆ ಎದ್ದಿದ್ದವು. ನಡುವೆ ಬಿಳಿ ಬೊಟ್ಟು, ಸುತ್ತ ಹಳದಿ ಉಂಗುರ. ಪುಣೆಗೆ ಹೊರಡುವ ಗಡಿಬಿಡಿಯಲ್ಲಿ ಸುಮೇಧಾ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಎಲಿ ಮ್ಯಾಲೆಲ್ಲಾ ಕಣ್ಣು ಬಿದ್ದಾವ್ರಿ."

ಅಷ್ಟು ಸಾಕಾಯಿತು. ಎಳೆ ವಯಸ್ಸಿಗೇ ಗಂಡ ಸತ್ತವಳಿಗೆ ಅವಳ ಊರಾದ ಶಿರಗುಪ್ಪಿಯ ಜನ ಒಂದು ಹೆಸರು ಕೊಟ್ಟಿದ್ದರು: ಕೆಟ್ಟ ಕಣ್ಣಿನ ಹೊಳೆವ್ವ. ಯಾರ ಎಮ್ಮೆ ಹಾಲು ಬತ್ತಿಸಿದರೂ ಇವಳು, ಯಾರ ಕೂಸು ಹಾಲು ಕಕ್ಕಿದರೂ ಇವಳು! ಎಂಥ ಜನವಪ್ಪಾ! ಮಗಳು ಜಯಾಳನ್ನು ಕಂಕುಳಲ್ಲಿಟ್ಟುಕೊಂಡು ಆ ಮಾತು ತಾಳದೆ ಇಲ್ಲಿಗೆ ಓಡಿ ಬಂದಿದ್ದಳು. ಈಗ ಜಯಾ ಚೊಚ್ಚಲ ಬಸುರಿ, ಬಾಣಂತನಕ್ಕೆ ತವರಿಗೆ ಬರುವವಳು. ಗಿಡಕ್ಕೇ ಹೀಗಾದರೆ ಕೂಸಿನ ಗತಿಯೇನು?

ಮಗಳಿಗೆ ಫೋನ್ ಮಾಡಿದಳು. "ನೀ ಅತ್ತಿ ಮನ್ಯಾಗ ಹಡಿ ಜಯಾ. ನನಗ ಕೆಲಸ ಭಾಳ ಐತಿ."

"ಯವ್ವಾ, ಮೊದಲನೇದ್ದು! ಬರಬ್ಯಾಡ ಅಂತಿಯೇನು?" ಜಯಾ ಅತ್ತಳು. ಹೊಳೆವ್ವ ಫೋನ್ ಇಟ್ಟುಬಿಟ್ಟಳು.

ಮನೆಯ ಹಳೇ ಸೀರೆಗಳನ್ನೆಲ್ಲ ತಂದು, ತನ್ನ ಕಣ್ಣಿಗೆ ಬೀಳದಂತೆ ಸಸಿಗಳ ಮೇಲೆ ಕಟ್ಟಿದಳು. ನೀರು ಹಾಕುವಾಗಲೂ ಮುಖ ಆಚೆ. ಅರ್ಧ ನೀರು ಅವಳ ಕಾಲಿಗೇ ಬೀಳುತ್ತಿತ್ತು.

ಕೆಲವು ವಾರದ ಮೇಲೆ ಸುಮೇಧಾ ಪುಣೆಯಿಂದ ಬಂದು ಸೀರೆ ಎತ್ತಿದರೆ, ಹೊಸ ಎಲೆಗಳ ಮೇಲೆ ಒಂದು ಚುಕ್ಕೆಯೂ ಇಲ್ಲ.

"ಭಾಳ ಛಲೋ ಮಾಡೀರಿ ಹೊಳೆವ್ವಾ!"

ಹೊಳೆವ್ವ ಅಲ್ಲೇ ಕುಸಿದಳು. ತಾನು ನೋಡದಿದ್ದಾಗ ವಾಸಿಯಾಯಿತೆಂದರೆ ಊರಿನವರು ಅಂದದ್ದೇ ನಿಜವಾಯಿತಲ್ಲ! ಬಿಕ್ಕುತ್ತ ಎಲ್ಲ ಹೇಳಿಬಿಟ್ಟಳು.

ಸುಮೇಧಾಳಿಗೆ ನಗು, ಸಿಟ್ಟು ಎರಡೂ ಬಂದವು. "ಅಯ್ಯ, ಹುಚ್ಚಿ ಇದ್ದೀರಿ! ಕಣ್ಣು ಅಂದ್ರ ಆ ಚುಕ್ಕಿ ರೋಗದ ಹೆಸರ್ರೀ, ಕಣ್ಣಿನಂಗ ಕಾಣತಾವಂತ. ಪಕ್ಕದವ್ರು ಬೇವಿನ ಗಿಡಾ ಕಡಿಸಿದ್ರಲ್ಲಾ, ಬಿಸಲು ನೇರ ಬಡದು ಬಂದಿತ್ತು. ನಿಮ್ಮ ಸೀರಿ ನೆಳ್ಳು ಕೊಟ್ಟೂವು. ಆದ್ರ ಇಷ್ಟು ದಪ್ಪ ಮುಚ್ಚಬಾರದು. ಗಾಳಿ ಆಡದ ಥಂಡಿ ಹಿಡದ್ರ ತುಕ್ಕು ರೋಗ ಬರತದ."

"ಖರೇ ಏನ್ರಿ?"

"ದಿನಾ ಕಣ್ತುಂಬ ನೋಡ್ರಿ. ಚುಕ್ಕಿ ಮತ್ತ ಬಂದ್ರ ನನ್ನ ಕೇಳ್ರಿ."

ಸೀರೆ ಬಿಚ್ಚಿ ತೆಳು ಹಸಿರು ಬಲೆ ಕಟ್ಟಿದರು. ಹೊಳೆವ್ವ ನೋಡಿದಳು. ಒಂದೊಂದೇ ಎಲೆಯನ್ನು ದಿಟ್ಟಿಸಿದಳು. ಪ್ರತಿ ಮುಂಜಾನೆ ನರ್ಸರಿಯ ಗೇಟು ತೆಗೆದವಳೇ ಮೊದಲು ಸಸಿಗಳತ್ತ ಓಡುತ್ತಿದ್ದಳು. ಒಂದು ಜೋಡಿ ಎಲೆ ಬಿಚ್ಚಿತು, ಹಸಿರು. ಮತ್ತೊಂದು ಜೋಡಿ ಬಿಚ್ಚಿತು, ಅದೂ ಹಸಿರು.

ಪೈಪು ಅಲ್ಲೇ ಬಿಟ್ಟು ಮಗಳಿಗೆ ಫೋನ್ ಹಚ್ಚಿದಳು.

"ಲಗೂ ಬಾ ಜಯಾ. ಬಾಣಂತನಾ ನಾನ ಮಾಡ್ತೇನಿ. ಕೂಸಿನ್ನ... ಎಲ್ಲಾರಕಿಂತ ಮೊದಲ ನಾನ ನೋಡ್ತೇನಿ."