ಹಲ್ಲು ಕಟ್ಟುವವಳ ವೀಸಾ

ಅವಳು ಹನ್ನೊಂದು ವರ್ಷದಿಂದ ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲು ಕಟ್ಟುತ್ತಿದ್ದಳು. ದಂತವೈದ್ಯರು ಮುಂದಿನ ಕೋಣೆಯಲ್ಲಿ ಕೂತು ಬಾಯಿಯ ಅಚ್ಚು ತೆಗೆದು ಕೊಡುವರು; ಇವಳು ಹಿಂದಿನ ಕೋಣೆಯಲ್ಲಿ ಮೇಣ ಕಾಯಿಸಿ, ಪ್ಲಾಸ್ಟರ್ ಕಲಸಿ, ಹಲ್ಲಿನ ಸೆಟ್ಟು ಜೋಡಿಸಿ, ಉಜ್ಜಿ ಹೊಳಪು ಕೊಡುವಳು. ಹೆಸರು ಬರುವುದು ವೈದ್ಯರಿಗೆ, ಕಿವಿಯೊಳಕ್ಕೆ ಪುಡಿ ಬರುವುದು ಇವಳಿಗೆ. ಮನೆಯವರೆಲ್ಲ ಅವಳನ್ನು ‘ದವಡೆ’ ಎಂದೇ ಕರೆಯುತ್ತಿದ್ದರು. ಅದು ಪ್ರೀತಿಯಿಂದ ಎಂದು ಅವರ ವಾದ.

ಒಂದು ದಿನ ರಿಪೇರಿಗೆ ಬಂದ ಮುರುಕು ಸೆಟ್ಟನ್ನು ಯಾರೋ ಪೇಪರಿನ ತುಂಡಿನಲ್ಲಿ ಸುತ್ತಿ ಕಳಿಸಿದ್ದರು. ಅದರಲ್ಲೊಂದು ಜಾಹೀರಾತು: ಒಂದು ವರ್ಷ ಹೊರದೇಶದಲ್ಲಿ ಕೆಲಸ ಮಾಡಿ, ನಿಮ್ಮ ಸಂಸ್ಕೃತಿ ಹಂಚಿಕೊಳ್ಳಿ, ವಯಸ್ಸು ಮೂವತ್ತು ತುಂಬಿರಬಾರದು. ಅವಳಿಗೆ ತುಂಬಲು ಐವತ್ತೆಂಟು ದಿನ ಬಾಕಿಯಿತ್ತು. ಅಷ್ಟು ವರ್ಷದಲ್ಲಿ ಅವಳು ಕಂಡ ಅತಿ ದೂರದ ಜಾಗವೆಂದರೆ ಜನರ ಗಂಟಲು. ತುಂಡನ್ನು ಮಡಿಚಿ ರವಿಕೆಯೊಳಗೆ ಇಟ್ಟುಕೊಂಡಳು.

ಮನೆಯಲ್ಲಿ ವೀಸಾ ವಿಷಯಕ್ಕೆ ಚಿಕ್ಕಪ್ಪನದೇ ಕೊನೆಯ ಮಾತು. ಯಾಕೆಂದರೆ ಅವನ ಅರ್ಜಿ ಮೂರು ಸಲ ತಿರಸ್ಕೃತವಾಗಿತ್ತು. ಅಷ್ಟು ಅನುಭವ ಸುತ್ತಮುತ್ತ ಬೇರೆ ಯಾರಿಗೂ ಇರಲಿಲ್ಲ. ಅವಳು ತಂದ ಅರ್ಜಿ ಫಾರಂ ಅವನು ಎಳೆದುಕೊಂಡು ಊಟದ ಮೇಜಿನ ಮೇಲೆ ಹರಡಿದ.

“‘ಯಾವ ಸಂಸ್ಕೃತಿ ಹಂಚ್ಕೋತೀರಿ’ ಅಂತ ಕೇಳಿದಾರೆ. ನಿಂಗೇನ್ ಬರುತ್ತೆ?”

“ಹಲ್ಲು ಮಾಡಕ್ಕೆ ಬರುತ್ತೆ.”

“ಹಲ್ಲು ಸಂಸ್ಕೃತಿನೇನೆ? ಹೋಗು, ಫೋಟೊ ತೆಗೆಸ್ಕೊಂಡ್ ಬಾ. ಉಳಿದಿದ್ದು ನಾನ್ ನೋಡ್ಕೋತೀನಿ.”

ಫೋಟೊದವನು, ‘ನಗಬಾರದು, ಹಲ್ಲು ಕಾಣಬಾರದು, ಅದೇ ನಿಯಮ,’ ಎಂದ. ಅವಳಿಗೆ ಅದು ವೈಯಕ್ತಿಕ ಅವಮಾನದಂತೆ ಕಂಡಿತು. ಫೋಟೊದಲ್ಲಿ ಅವಳು ಸಾಲ ವಸೂಲಿಗೆ ಬಂದವಳ ಹಾಗೆ ಮೂಡಿಬಂದಳು. ಅಮ್ಮ ಮಾತ್ರ, “ಚೆನ್ನಾಗೇ ಇದೆ ಬಿಡು, ನಿಮ್ಮಪ್ಪನ ಕಡೆಯವರ ಮುಖ ಹಾಗೇನೆ,” ಎಂದು ಒಂದೇ ಏಟಿಗೆ ಮಗಳದ್ದೂ ಗಂಡನ ಮನೆಯವರದ್ದೂ ಲೆಕ್ಕ ಚುಕ್ತಾ ಮಾಡಿದಳು.

ಸಂದರ್ಶನಕ್ಕೆ ಕರೆ ಬಂತು. ಗಾಜಿನ ಆಚೆ ಬಿಳಿಕೂದಲಿನ ಅಧಿಕಾರಿಣಿ, ಪಕ್ಕದಲ್ಲಿ ಅವಳ ಮಾತನ್ನು ಕನ್ನಡಕ್ಕೆ ತರುವ ದುಭಾಷಿ. ಅಧಿಕಾರಿಣಿ ಫಾರಂ ತಿರುವಿ ಮುಗುಳ್ನಕ್ಕಳು. ದುಭಾಷಿ ಹೇಳಿದ: “ಹನ್ನೆರಡು ವರ್ಷ ಶಾಸ್ತ್ರೀಯ ನೃತ್ಯ ಕಲ್ತಿದೀರಂತೆ. ಒಂದೆರಡು ಹೆಜ್ಜೆ ತೋರಿಸ್ತೀರಾ ಅಂತ ಕೇಳ್ತಿದಾರೆ.”

ಅವಳು ಚಿಕ್ಕಪ್ಪನನ್ನು ಮನಸ್ಸಿನಲ್ಲೇ ಎತ್ತಿ ಪ್ಲಾಸ್ಟರಿನ ಬಕೆಟ್ಟಿಗೆ ತಲೆಕೆಳಗಾಗಿ ಅದ್ದಿದಳು. ಕೈಯೆತ್ತಿ ಏನೋ ಒಂದು ಕುಣಿದು ತೋರಿಸಬಹುದಿತ್ತು, ಇವರಿಗೇನು ಗೊತ್ತಾದೀತು? ಆದರೆ ಹೊಂದದ ಸೆಟ್ಟನ್ನು ಹೊಂದುತ್ತದೆ ಎಂದು ಯಾರ ಬಾಯಿಗೂ ತುರುಕಿದವಳಲ್ಲ ಅವಳು.

“ನಂಗೆ ಕುಣಿಯಕ್ಕೆ ಬರಲ್ಲ. ಅದು ಚಿಕ್ಕಪ್ಪ ಬರೆದಿದ್ದು. ಓದದೆ ಸಹಿ ಹಾಕಿದ್ದು ನನ್ ತಪ್ಪು.”

ದುಭಾಷಿ ಇದನ್ನು ಆಚೆ ದಾಟಿಸುವ ಮುನ್ನ ಅವಳನ್ನೊಮ್ಮೆ ಕನಿಕರದಿಂದ ನೋಡಿದ. ವಾರದೊಳಗೆ ಪತ್ರ ಬಂತು: ಸುಳ್ಳು ವಿವರದ ಕಾರಣ ಅರ್ಜಿ ತಿರಸ್ಕೃತ, ತಾವಾಗಿ ಒಪ್ಪಿಕೊಂಡದ್ದರಿಂದ ಮತ್ತೆ ಸಲ್ಲಿಸಬಹುದು.

“ನೋಡ್ದ್ಯಾ,” ಎಂದ ಚಿಕ್ಕಪ್ಪ, “ಎರಡು ಹೆಜ್ಜೆ ಹಾಕಿದ್ರೆ ಆಗಿತ್ತು.”

ಮೂವತ್ತು ತುಂಬಲು ಅವಳಿಗೆ ಹತ್ತೊಂಬತ್ತು ದಿನ ಉಳಿದಿತ್ತು. ಹೊಸ ಫಾರಂ ತಂದು, ಅಡುಗೆಮನೆಯ ಚಿಲಕ ಹಾಕಿಕೊಂಡು ತಾನೇ ಬರೆದಳು. ದರ್ಜಿಯ ಮುಂಬಲ್ಲಿನಲ್ಲಿ ದಾರ ಕಚ್ಚಿ ಕಚ್ಚಿ ಬಿದ್ದ ಕಚ್ಚು. ಮೊಳೆಗಳನ್ನು ಬಾಯಲ್ಲಿಟ್ಟುಕೊಳ್ಳುವ ಬಡಗಿಯ ಒಂದೇ ಪಕ್ಕ ಸವೆದ ಕೋರೆ. ಬಾಯಿ ಮುಚ್ಚಿ ಹಲ್ಲು ಕಚ್ಚಿಕೊಂಡೇ ಸಂಸಾರ ಮಾಡಿದ ಹೆಂಗಸರ ಸವೆದು ಚಪ್ಪಟೆಯಾದ ದವಡೆಹಲ್ಲು. ಸತ್ತ ಗಂಡನ ಸೆಟ್ಟನ್ನೇ ಸ್ವಲ್ಪ ಉಜ್ಜಿ ತನಗೆ ಹೊಂದಿಸಿಕೊಡು ಎಂದು ಕೇಳಿದ ಅಜ್ಜಿ. ನಮ್ಮ ಜನ ಹೇಗೆ ಬದುಕಿದರೆಂದು ಬಾಯಿ ನೋಡಿ ಹೇಳಬಲ್ಲೆ, ನಿಮ್ಮವರ ಬಾಯಿ ನೋಡುವ ಆಸೆಯಿದೆ ಎಂದು ಮುಗಿಸಿದಳು.

ಅದೇ ಗಾಜು, ಅದೇ ಅಧಿಕಾರಿಣಿ.

“ಖಂಡಿತ ವಾಪಸ್ ಬರ್ತೀರಿ ಅಂತ ಹೇಗೆ ನಂಬೋದು? ಗಂಡ, ಮನೆ, ಜಮೀನು ಏನೂ ಇಲ್ವಲ್ಲ?” ದುಭಾಷಿ ಕೇಳಿದ.

“ನಂಬಬೇಕು ಅಷ್ಟೆ. ಗಂಡ ಇದ್ರೆ ವಾಪಸ್ ಬರ್ತಾರೆ ಅಂತ ನಿಮಗ್ಯಾರು ಹೇಳಿದ್ರು?”

ಈ ಸಲ ದುಭಾಷಿ ಮೊದಲು ತಾನು ನಕ್ಕು, ಆಮೇಲೆ ಅನುವಾದಿಸಿದ. ಅಧಿಕಾರಿಣಿ ತಲೆ ತಗ್ಗಿಸಿ ಏನೋ ಗೀಚಿದಳು. ಮೂವತ್ತು ತುಂಬಲು ನಾಲ್ಕು ದಿನ ಇರುವಾಗ ವೀಸಾ ಬಂತು. ಚಿಕ್ಕಪ್ಪ ಬೀದಿಯವರಿಗೆಲ್ಲ, “ಮೊದಲ ಅರ್ಜಿ ಬೇಕಂತಲೇ ಹಾಗ್ ಬರೆದಿದ್ದೆ, ಅವರ ಗಮನ ಸೆಳೀಲಿ ಅಂತ,” ಎಂದು ಹೇಳಿಕೊಂಡು ತಿರುಗಿದ.

ಹೊರದೇಶದಲ್ಲಿ ಅವಳಿಗೆ ಸಿಕ್ಕಿದ್ದು ಒಂದು ವೃದ್ಧಾಶ್ರಮದ ಅಡುಗೆಮನೆ. ದಿನಕ್ಕೆ ಎರಡು ಮೂಟೆ ಆಲೂಗಡ್ಡೆ ಸುಲಿಯುವ ಕೆಲಸ. ಮೂರನೇ ತಿಂಗಳು ‘ಸಂಸ್ಕೃತಿ ಪರಿಚಯ’ ಎಂಬ ಮಧ್ಯಾಹ್ನ ಏರ್ಪಾಡಾಯಿತು. ಹಾಡಬಹುದು ಎಂದು ಮೈಕು ತಂದಿಟ್ಟರು. ಅವಳು ಮೈಕನ್ನು ಪಕ್ಕಕ್ಕೆ ಸರಿಸಿ, ಮೇಣದ ತುಂಡಿನಲ್ಲಿ ಒಂದು ಕೋರೆಹಲ್ಲು ಕೆತ್ತಿ, ಹಲ್ಲು ನೋಡಿ ಅವರವರ ಬದುಕು ಹೇಳಬಲ್ಲೆನೆಂದು ಸನ್ನೆ ಮಾಡಿದಳು. ಮುಂದಿನ ಸಾಲಿನ ಮುದುಕನೊಬ್ಬ ತಟ್ಟನೆ ತನ್ನ ಸೆಟ್ಟು ತೆಗೆದು ಮೇಜಿನ ಮೇಲಿಟ್ಟು, ‘ಹೇಳು ನೋಡೋಣ’ ಎಂಬಂತೆ ಹುಬ್ಬು ಹಾರಿಸಿದ. ಅವನ ಹಿಂದೆ ಒಬ್ಬಳು ತೆಗೆದಳು. ಐದು ನಿಮಿಷದಲ್ಲಿ ಮೇಜಿನ ಮೇಲೆ ಇಪ್ಪತ್ತಾರು ಸೆಟ್ಟು, ಸುತ್ತ ಇಪ್ಪತ್ತಾರು ಬೊಚ್ಚುನಗೆ. ಒಬ್ಬನದನ್ನು ಎತ್ತಿ ಹಿಡಿದು, ಸವೆದ ಜಾಗ ನೋಡಿ ಅವಳು ಪೈಪು ಸೇದುವ ಅಭಿನಯ ಮಾಡಿದಳು. ಸರಿಯಾಗಿತ್ತು, ಚಪ್ಪಾಳೆ ಬಿತ್ತು. ಸಂಜೆ ವಾಪಸ್ ಕೊಡುವಾಗ ಯಾರದು ಯಾರದೆಂದು ದಾದಿಯರು ಕಂಗಾಲಾದರು. ಅವಳು ಒಬ್ಬೊಬ್ಬರ ಮುಖ ನೋಡಿ, ಒಂದೂ ತಪ್ಪದೆ ಹಂಚಿದಳು.

ವರ್ಷ ಮುಗಿದು ಅವಳು ಮರಳುವಷ್ಟರಲ್ಲಿ ದಂತವೈದ್ಯರು ಇಬ್ಬರು ಕೆಲಸಗಾರರನ್ನು ಬದಲಾಯಿಸಿ, ಮೂವರು ಗಿರಾಕಿಗಳಿಂದ ಬೈಸಿಕೊಂಡಿದ್ದರು. ತಾವೇ ಮನೆಗೆ ಬಂದು, “ನಾಳೆಯಿಂದ್ಲೇ ಬಾಮ್ಮಾ,” ಎಂದರು.

“ಬರ್ತೀನಿ. ಬೋರ್ಡಿನಲ್ಲಿ ನಿಮ್ಮ ಹೆಸರಿನ ಕೆಳಗೆ ನಂದೂ ಹಾಕ್ಸಿ.”

ವೈದ್ಯರು ಅಮ್ಮನ ಮುಖ ನೋಡಿದರು. ಅಮ್ಮ ಕಾಫಿ ಲೋಟ ಅವರ ಮುಂದೆ ಸರಿಸಿ, “ಅಕ್ಷರ ಸ್ವಲ್ಪ ದೊಡ್ಡದಾಗೇ ಇರ್ಲಿ ಡಾಕ್ಟ್ರೇ, ನಂಗೆ ಕಣ್ಣು ಮಂಜು,” ಎಂದಳು.